ಪೆಡಲ್ ಮೇಲಿನ ಕಾಲು

ನಮ್ಮ ಕಡೆ ಕಾಲಿಗೆ ಬೀಳುವುದು ಬಹಳ ಅಗ್ಗ. ಬಗ್ಗಿ, ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರೆ ಮುಗಿಯಿತು. ಬಿದ್ದವರು ಎದ್ದು ತಮ್ಮ ದಾರಿ ಹಿಡಿಯುತ್ತಾರೆ. ಯಾರ ಕಾಲಿಗೆ ಬಿದ್ದರೋ ಅವರು ಮಧ್ಯಾಹ್ನ ಎಲ್ಲಿ ಕೂತು ಉಂಡರು ಅಂತ ಯಾರೂ ಕೇಳುವುದಿಲ್ಲ. ನಾನು ಅರ್ಚಕರ ಮನೆಯಲ್ಲಿ ಹುಟ್ಟಿದವಳು. ನಮ್ಮಪ್ಪನ ಕಾಲಿಗೆ ಅರ್ಧ ಊರು ಬೀಳುತ್ತಿತ್ತು. ಅವರಿಗೆ ಜ್ವರ ನೆತ್ತಿಗೇರಿದಾಗ ಬೈಲಹೊಂಗಲದ ದವಾಖಾನೆಗೆ ಒಯ್ಯಲು ಆ ಅರ್ಧ ಊರಿನಲ್ಲಿ ಒಬ್ಬರ ಗಾಡಿಯೂ ಖಾಲಿ ಇರಲಿಲ್ಲ. ಹಾಗಾಗಿ ಯಾರಾದರೂ ಯಾರ ಕಾಲಿಗಾದರೂ ಬಗ್ಗಿದರೆ ನನಗೆ ಮೊದಲು ಬರುವುದು ಸಿಟ್ಟು. ಇಲ್ಲಿ ಹೇಳುವ ಸಂಗತಿಯಲ್ಲಿ ಆ ಸಿಟ್ಟು ಸ್ವಲ್ಪ ಜಾಸ್ತಿಯೇ ಇದೆ, ಓದುವವರು ಸಹಿಸಿಕೊಳ್ಳಬೇಕು.

ಯರಗಟ್ಟಿಯ ಹೊರಗೆ, ಬೈಲಹೊಂಗಲ ರಸ್ತೆಗೆ ಹತ್ತಿಕೊಂಡು, ಹಿಂದೆ ಹತ್ತಿ ಜಿನ್ನಿಂಗ್ ನಡೆಯುತ್ತಿದ್ದ ಒಂದು ದೊಡ್ಡ ಶೆಡ್ಡಿದೆ. ಈಗ ಅದು ಗಾರ್ಮೆಂಟ್. ಗಂಡಸರ ಶರ್ಟು ಹೊಲಿದು ದೂರದ ಒಂದು ದೊಡ್ಡ ದೇಶಕ್ಕೆ ಕಳಿಸುತ್ತೇವೆ. ನಾನು ಅಲ್ಲಿ ಫ್ಲೋರ್ ಇನ್‌ಚಾರ್ಜ್. ಯಾವ ಮಷಿನ್ನಿಗೆ ಯಾರು ಕೂಡಬೇಕು, ಯಾರ ಕೈಯಿಂದ ಬಟ್ಟೆ ಯಾರ ಕೈಗೆ ಹೋಗಬೇಕು ಎಂಬುದು ನನ್ನ ತಲೆನೋವು. ಒಂದು ಶರ್ಟನ್ನು ಒಬ್ಬಳೇ ಹೊಲಿಯುವುದಿಲ್ಲ. ಒಬ್ಬಳು ಜೇಬು, ಒಬ್ಬಳು ಭುಜ, ಒಬ್ಬಳು ಕಾಲರು, ಒಬ್ಬಳು ತೋಳು. ಕಟ್ಟಿದ ಬಂಡಲು ಒಬ್ಬಳಿಂದ ಒಬ್ಬಳಿಗೆ ಸಾಗುತ್ತದೆ, ಹೀಗೆ ಕೂತ ಸಾಲಿಗೆ ಲೈನು ಅನ್ನುತ್ತೇವೆ. ನಡುವೆ ಒಬ್ಬಳು ಕೈ ನಿಲ್ಲಿಸಿದರೆ ಆಕೆಯ ಹಿಂದೆ ಬಟ್ಟೆಯ ಗುಡ್ಡೆ ಬೀಳುತ್ತದೆ, ಮುಂದಿನವರೆಲ್ಲ ಆಕಳಿಸುತ್ತ ಕೂಡುತ್ತಾರೆ. ಇದಿಷ್ಟು ತಿಳಿದಿದ್ದರೆ ಸಾಕು, ಗಾರ್ಮೆಂಟಿನ ಅರ್ಧ ವಿದ್ಯೆ ಬಂದಂತೆ.

ಸುರುವಾದದ್ದು ಒಂದು ಭಾಷಣದಿಂದ. ಬೆಂಗಳೂರಿನ ಹೆಡ್ ಆಫೀಸಿನಿಂದ ಒಬ್ಬರು ಮೇಡಂ ಲ್ಯಾಪ್‌ಟಾಪ್ ಹಿಡಿದು ಬಂದರು. ನಮ್ಮ ಶರ್ಟು ಕೊಳ್ಳುವ ಕಂಪನಿಗೆ ಆಗ ಒಂದು ಹುಕಿ ಬಂದಿತ್ತು. ತಮಗೆ ಶರ್ಟು ಹೊಲಿಯುವ ಕಾರ್ಖಾನೆಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೂ ಕೆಲಸ ಇರಬೇಕು, ಇದ್ದರೆ ಆರ್ಡರು ಕೊಡುವಾಗ ಒಂದು ತೂಕ ಜಾಸ್ತಿ. ಮೇಡಂ ಕ್ಯಾಂಟೀನಿನ ಗೋಡೆಯ ಮೇಲೆ ಚಿತ್ರ ಬಿಟ್ಟು ತಿಳಿಸಿ ಹೇಳಿದರು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮೆಚ್ಚುವವರ ಚಿತ್ರ ಬರುತ್ತಿದ್ದಂತೆ ನಮ್ಮ ಮ್ಯಾನೇಜರು ಧಡಕ್ಕನೆ ಎದ್ದು "ಚಹಾ ಬಂತು, ಚಹಾ ಬಂತು" ಅಂದರು. ಚಹಾ ಬಂದಿರಲಿಲ್ಲ. ಕಿತ್ತೂರಿನ ಕಡೆಯ ದೊಡ್ಡ ಮನೆತನದ ಮನುಷ್ಯ, ಮೀಸೆ ಚೆನ್ನಾಗಿದೆ, ಅದರ ಕೆಳಗೆ ಇರಬೇಕಾದ ಧೈರ್ಯ ಇಲ್ಲ.

ಆಮೇಲೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರ ಚಿತ್ರ ಬಂತು. ತೋಳು ಜೋಡಿಸುವ ಸಿರಸಂಗಿಯ ಅಕ್ಕ ಕೈ ಎತ್ತಿದಳು. ಆಕೆಯ ಬಾಯಿ ನಮ್ಮ ಲೈನಿಗೆಲ್ಲ ದೊಡ್ಡದು.

"ಹಂಗಂದ್ರ ನಮ್ಮ ಎಲ್ಲವ್ವನ ಜೋಗಪ್ಪಗೋಳ ಏನ್ರಿ ಮೇಡಮ್ಮಾರ?"

ಮೇಡಂಗೆ ಖುಷಿಯಾಯಿತು. "ಎಕ್ಸಾಕ್ಟ್ಲಿ! ಹಾಗೇ ಅಂದ್ಕೊಳ್ಳಿ. ನಿಮ್ ಕಲ್ಚರ್‌ನಲ್ಲೇ ಇದೆ ಅಲ್ವಾ?"

ಮುಂದಿನ ಅನಾಹುತಕ್ಕೆಲ್ಲ ಈ ಒಂದು ಮಾತೇ ಕಾರಣ. ಬೆಂಗಳೂರಿನಲ್ಲಿ ಕೂತವರಿಗೆ ಎಲ್ಲವ್ವನ ಸವದತ್ತಿ ಗುಡ್ಡದ ಬಗ್ಗೆ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿಲ್ಲ. ಎಲ್ಲವ್ವ ಮೈಮೇಲೆ ಬಂದಳೆಂದು ಕೊರಳಿಗೆ ಅವಳ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ದೇವಿಯ ಕೊಡ ಹೊತ್ತು ಬದುಕುವವರು ಜೋಗಪ್ಪಗಳು. ಅವರದು ಒಂದು ವ್ರತ. ಅದನ್ನು ನಂಬಿ ನಡೆಯುವವರ ಮುಂದೆ ನಾನು ಬಾಯಿ ಬಿಡುವುದಿಲ್ಲ. ಆದರೆ ಸೀರೆ ಉಟ್ಟ ಎಲ್ಲರಿಗೂ ಅದೇ ವ್ರತ ಹೊರಿಸಿದರೆ ಹೇಗೆ?

ವಾರದೊಳಗೆ ಮನೋಳಿಯಾಕೆ ಕೆಲಸಕ್ಕೆ ಬಂದಳು. ಮನೋಳಿಯಲ್ಲಿ ಗಂಡುಮಗನಾಗಿ ಹುಟ್ಟಿ, ತಾನು ಹೆಣ್ಣು ಎಂದು ತಿಳಿದಮೇಲೆ ಮನೆಬಿಟ್ಟು, ಒಂದು ಟೇಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬ್ಲೌಸು ಹೊಲಿದುಕೊಂಡಿದ್ದವಳು. ಅಂಗಡಿಯವ ಆಕೆಯನ್ನು ಮುಂದಿನ ಕೋಣೆಗೆ ಒಂದು ದಿನವೂ ಕರೆಯಲಿಲ್ಲವಂತೆ. ಎತ್ತರದ ಆಳು, ಎಣ್ಣೆ ಹಚ್ಚಿ ಬಿಗಿದ ಜಡೆ, ಉಗುರಿನ ಬಣ್ಣದ ಮೇಲೆ ಅತಿಯಾದ ಅಕ್ಕರೆ. ತಪ್ಪು ತೋರಿಸಿದರೆ ಮೂಗಿನ ತುದಿ ಕೆಂಪಗಾಗುತ್ತಿತ್ತು. ಪರೀಕ್ಷೆಗೆಂದು ನಾನು ಕೊಟ್ಟ ಜೇಬನ್ನು ಸೊಟ್ಟಗೆ ಹೊಲಿದು, "ಮಷಿನ್ ಸೊಟ್ಟ ಐತ್ರಿ" ಅಂದಳು. ನನಗೆ ನಗು ಬಂತು. ಕೈ ಮಾತ್ರ ಪಳಗಿದ ಕೈ, ಮಷಿನ್ನಿನ ವೇಗಕ್ಕೆ ಹೊಂದಿಕೊಳ್ಳಬೇಕಿತ್ತಷ್ಟೇ.

"ಜೋಗಪ್ಪ ಆಗಿ ಏನ್?" ಅಂತ ಮ್ಯಾನೇಜರು ಮೊದಲ ದಿನವೇ ಕೇಳಿದರು.

"ಅಲ್ರಿ ಸರ್. ನಾ ಟೇಲರ್ ಅದೇನ್ರಿ."

"ಅಂದ್ರ... ಅವ್ವ ಮೈಮ್ಯಾಲ ಬರೂದಿಲ್ಲ?"

"ನನ್ನ ಮೈಮ್ಯಾಲ ನಾನ ಇರತೇನ್ರಿ," ಅಂದಳು.

ಮನೆಯವರ ಕಥೆಯನ್ನು ಆಕೆ ನನಗೆ ಆಮೇಲೊಮ್ಮೆ ಹೇಳಿದಳು. ಅಣ್ಣ ಆಕೆಯನ್ನು ಪೂರ್ತಿ ದೂಡಿರಲಿಲ್ಲ, ಒಂದು ಷರತ್ತು ಹಾಕಿದ್ದ. ಗುಡ್ಡಕ್ಕೆ ಹೋಗಿ ಮುತ್ತು ಕಟ್ಟಿಸಿಕೊಂಡು ಬಾ, ಆಗ ದೇವರ ಇಚ್ಛೆ ಅಂತ ಊರಿಗೆ ಹೇಳಬಹುದು, ನಮ್ಮ ಮರ್ಯಾದಿ ಉಳಿಯುತ್ತದೆ. ಆಕೆ ಒಪ್ಪಲಿಲ್ಲ. "ಅವ್ವ ನನ್ನ ಕರದಿಲ್ರಿ ಅಕ್ಕಾರ. ಕರೀದ ಹೋಗಿ ಕರದಾಳ ಅಂತ ಸುಳ್ಳ ಹೇಳ್ಲೇನು? ಯಾರಿಗರ ಹೇಳೇನು, ಆಕಿಗೆ ಹೆಂಗ ಹೇಳ್ಲಿ?" ನಮ್ಮ ಶೆಡ್ಡಿನಲ್ಲಿ ಎಲ್ಲವ್ವನ ಬಗ್ಗೆ ನಿಜವಾದ ಭಯಭಕ್ತಿ ಇದ್ದದ್ದು ಈಕೆಯೊಬ್ಬಳಿಗೇ ಅಂತ ನನಗೆ ಅನ್ನಿಸಿತು. ಆಕೆಗೆ ಬೇಕಾದದ್ದು ಒಂದೇ. ಆರು ತಿಂಗಳ ಪ್ರೊಬೇಷನ್ ಮುಗಿಸಿ ಖಾಯಂ ಆಗುವುದು, ಎಲ್ಲರ ಹಾಗೆ ಕೊರಳಿಗೆ ಕಾರ್ಡು ಹಾಕಿಕೊಂಡು ಬಸ್ಸು ಹತ್ತುವುದು. ಅದು ತಪ್ಪಿದರೆ ಆಕೆಯ ಮುಂದಿದ್ದದ್ದು ಆ ಹಿಂದಿನ ಕೋಣೆ, ಇಲ್ಲವೇ ಆ ಸುಳ್ಳು.

ಮ್ಯಾನೇಜರು ನನ್ನನ್ನು ಕೇಳದೆಯೇ ಆಕೆಯ ಮಷಿನ್ನನ್ನು ಬಾಗಿಲ ಹತ್ತಿರ ಹಾಕಿಸಿದರು. ಕೊಳ್ಳುವ ಕಂಪನಿಯವರು ಬಂದರೆ ಒಳಗೆ ಕಾಲಿಡುತ್ತಲೇ ಕಾಣಬೇಕಲ್ಲ! ಮೇಲೆ ಗೋಡೆಗೆ ಬಣ್ಣಬಣ್ಣದ ಪೋಸ್ಟರು. ಲೈನಿನಿಂದ ಹೊರಗೆ, ಒಂಟಿಯಾಗಿ ಕೂತು ಆಕೆ ಕಾಲರಿನ ಪಟ್ಟಿ ಹೊಲಿಯಬೇಕು. ಆಯ್ತು, ಎಲ್ಲವ್ವನ ವಾರ, ಮಂಗಳವಾರ ಬಂತು. ಬೆಳಿಗ್ಗೆ ಬಸ್ಸಿಳಿದು ಬಂದ ಮೊದಲ ಹುಡುಗಿಯೇ ಬಗ್ಗಿ ಆಕೆಯ ಪಾದ ಮುಟ್ಟಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸಿರಸಂಗಿಯ ಅಕ್ಕ ಸೆರಗಿನ ಗಂಟಿನಿಂದ ಭಂಡಾರ, ಅಂದರೆ ದೇವಿಯ ಅರಿಶಿನ ಪುಡಿ, ಬಿಚ್ಚಿ ಆಕೆಯ ಹಣೆಗೆ ಹಚ್ಚಿ "ಉಧೋ ಉಧೋ" ಅಂದಳು.

"ಏ ಯಕ್ಕಾ, ನಾ ಅದಲ್ಲಬೇ," ಅಂತ ಮನೋಳಿಯಾಕೆ ಹಿಂದೆ ಸರಿದಳು.

"ಹಂಗ ಅನಬಾರದವ್ವಾ. ದೊಡ್ಡವರ ಹಂಗ ಅಂತಾರ." ಸಿರಸಂಗಿಯ ಅಕ್ಕ ಇನ್ನೊಮ್ಮೆ ಕೈ ಮುಗಿದಳು. ಅಲ್ಲ ಎಂದಷ್ಟೂ ಆಕೆಯ ಮಹಿಮೆ ಏರುತ್ತಲೇ ಹೋಯಿತು.

ಶುಕ್ರವಾರ ಮ್ಯಾನೇಜರೇ ಬಂದರು. ಮಷಿನ್ನಿಗೆ ಭಂಡಾರ ಹಚ್ಚಿಸಿ, ಹೊಸ ಲಾಟಿನ ಮೊದಲ ಬಂಡಲನ್ನು ಆಕೆಯ ಕೈಯಿಂದ ಮುಟ್ಟಿಸಿ, ಕಾಯಿ ಒಡೆದರು. ಅದರ ಫೋಟೋ ಬೆಂಗಳೂರಿಗೆ ಹೋಯಿತು. ಮೇಡಂ "ಬ್ಯೂಟಿಫುಲ್" ಅಂತ ಉತ್ತರ ಕಳಿಸಿದರು.

ಇದೇ ಜನ ಊಟದ ಹೊತ್ತಿಗೆ ಏನು ಮಾಡುತ್ತಿದ್ದರು ಹೇಳುತ್ತೇನೆ. ಬುತ್ತಿ ಬಿಚ್ಚಿ ಗುಂಪುಗುಂಪಾಗಿ ಕೂಡುತ್ತಿದ್ದರು. ಚಟ್ನಿಪುಡಿ ಆ ಕಡೆಯಿಂದ ಈ ಕಡೆ, ಬದನೆಕಾಯಿ ಪಲ್ಯ ಈ ಕಡೆಯಿಂದ ಆ ಕಡೆ. ಮನೋಳಿಯಾಕೆ ಬಂದು ಕೂತರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು, ಗೌರವದಿಂದ! "ನಮ್ಮ ಎಂಜಲಾ ಗಿಂಜಲಾ ನಿಮಗ ತಾಕಬಾರದ್ರಿ ಅವ್ವಾ" ಎನ್ನುತ್ತ ದೂರ ಸರಿಯುತ್ತಿದ್ದರು. ಆಕೆ ಒಬ್ಬಳೇ ಕಂಬಕ್ಕೆ ಒರಗಿ ತಣ್ಣಗಿನ ರೊಟ್ಟಿ ಮುರಿಯುತ್ತಿದ್ದಳು. ಹೆಂಗಸರ ಶೌಚಾಲಯಕ್ಕೆ ಹೋಗಬಾರದು, ಮೈಲಿಗೆ ಆಗುತ್ತದೆ. ಯಾರಿಗೆ ಮೈಲಿಗೆ ಎಂದು ಕೇಳಿದರೆ ಆಕೆಗೇ ಅಂತೆ! ಅದಕ್ಕೆಂದು ಸಾಹೇಬರ ಶೌಚಾಲಯ ಬಿಟ್ಟುಕೊಟ್ಟಿದ್ದರು, ಅದರ ಕೀಲಿ ಮ್ಯಾನೇಜರ ಕೋಣೆಯಲ್ಲಿ. ಹೋಗಬೇಕಾದಾಗಲೆಲ್ಲ ಆ ಮೀಸೆಯ ಮುಂದೆ ನಿಂತು ಕೀಲಿ ಕೇಳಬೇಕು. ಥೂ ಇವರ ಭಕ್ತಿಗಿಷ್ಟು! ಬೈದು ದೂರವಿಟ್ಟರೆ ಜಗಳವಾದರೂ ಆಡಬಹುದು. ಕೈಮುಗಿದು ದೂರ ಇಡುವವರ ಜೊತೆ ಏನಂತ ಜಗಳ ಆಡುತ್ತೀರಿ?

ಈ ನಡುವೆ ನಾನು ನೋಡಿದ್ದು ಇನ್ನೊಂದು. ಪೂಜೆ, ಕಾಲು, ಹರಕೆ, ಮಗುವಿನ ತಲೆ ಮುಟ್ಟಿಸುವುದು, ಮಗಳ ಮದುವೆಯ ಶಕುನ ಕೇಳುವುದು. ಇದರಲ್ಲಿ ಆಕೆಯ ದಿನದ ಪೀಸು ಅರ್ಧಕ್ಕೆ ಇಳಿಯುತ್ತಿತ್ತು. ಯಾರೋ ಬಗ್ಗಿದರೆ ಆಕೆ ಪೆಡಲಿನಿಂದ ಕಾಲು ತೆಗೆಯಲೇಬೇಕು, ಮಷಿನ್ ನಿಲ್ಲಲೇಬೇಕು. ಇಳಿದ ಲೆಕ್ಕ ಮಾತ್ರ ಆಕೆಯ ಹೆಸರಿಗೆ ಹೋಗುತ್ತಿತ್ತು.

ಅಷ್ಟರಲ್ಲಿ ಲೋಕದ ಗಾಳಿ ತಿರುಗಿತು. ನಮ್ಮ ಶರ್ಟು ಹೋಗುವ ದೇಶದಲ್ಲಿ ರಾಜಕೀಯ ಬದಲಾಗಿತ್ತು. ಇಲ್ಲಿಂದ ಹೋಗುವ ಮಾಲಿನ ಮೇಲೆ ಸುಂಕ ಏರಿಸಿದರು. ಆರ್ಡರು ಇಂದು ಇದೆ, ನಾಳೆ ಇಲ್ಲ. ಅದೇ ಗಾಳಿಯಲ್ಲಿ ಕೊಳ್ಳುವ ಕಂಪನಿಯ ಹುಕಿಯೂ ಹಾರಿಹೋಯಿತು. ಅಲ್ಪಸಂಖ್ಯಾತರು, ಸಮಾನತೆ ಎಂಬ ಮಾತು ಅವರ ಪತ್ರಗಳಿಂದ ಸದ್ದಿಲ್ಲದೆ ಮಾಯವಾಯಿತು. ಅಲ್ಲಿ ಒಬ್ಬ ಸೀನಿದರೆ ಇಲ್ಲಿ ಯರಗಟ್ಟಿಯಲ್ಲಿ ನಮ್ಮ ಮ್ಯಾನೇಜರಿಗೆ ನೆಗಡಿ. ಒಂದು ದಿನ ಅವರು ತಾವೇ ಸ್ಟೂಲು ಹತ್ತಿ ಆ ಪೋಸ್ಟರು ಕಿತ್ತರು. ಅಂಟು ಬಿಡದೆ ಅರ್ಧ ಗೋಡೆಯ ಮೇಲೇ ಉಳಿಯಿತು. ಆಮೇಲೆ ನನ್ನನ್ನು ಒಳಗೆ ಕರೆದರು.

"ಅಕ್ಕಾರ, ಮ್ಯಾಲಿನವರು ಹೇಳ್ಯಾರ. ಆ ಮನೋಳಿದಕ್ಕ ಖಾಯಂ ಮಾಡೂದ್ ಬ್ಯಾಡಂತ. ಹಂಗಂತ ಬಾಯಿಬಿಟ್ಟ ಅನ್ನಾಕ ಬರೂದಿಲ್ಲ. ಕೆಲಸ ಕಡಿಮಿ ಐತಿ ಅಂತ ನೀವು ಒಂದ ಷರಾ ಬರದಬಿಡ್ರಿ."

"ಕೆಲಸ ಯಾಕ ಕಡಿಮಿ ಆಗೇದ? ಶುಕ್ರವಾರ ಕಾಯಿ ಒಡದವ್ರು ಯಾರು?"

"ಅದು ಬ್ಯಾರೆ, ಇದು ಬ್ಯಾರೆ. ಶುಕ್ರವಾರ ಬೇಕಂದ್ರ ಆಕಿ ಬರಲಿ. ಬಂದು ಲಾಟಿಗೆ ಕೈ ಹಚ್ಚಿ ಹೋಗಲಿ. ನಾವೇನ್ ಬ್ಯಾಡ ಅಂತೇವೇನು?"

ಕೆಲಸ ಬೇಡ, ಆಶೀರ್ವಾದ ಬೇಕು! ಮೈಯೆಲ್ಲ ಉರಿಯಿತು. ವಿಚಾರ ಮಾಡಿ ಹೇಳುತ್ತೇನೆ ಎಂದು ಹೊರಗೆ ಬಂದೆ.

ವಿಚಾರ ಮಾಡಲು ಪುರುಸೊತ್ತೂ ಸಿಗಲಿಲ್ಲ. ಮರುದಿನವೇ ಚೆಕ್ಕಿಂಗ್ ಟೇಬಲ್ಲಿನಿಂದ ಕೂಗು ಬಂತು. ಬಿಳಿ ಶರ್ಟುಗಳ ಒಂದು ಪೂರಾ ಲಾಟಿನಲ್ಲಿ ಕಾಲರಿನ ಮೇಲೆ ಹಳದಿ ಚುಕ್ಕೆ. ಅರಿಶಿನ. ಭಂಡಾರದ ಕೈಯಲ್ಲಿ ಬಂಡಲು ಮುಟ್ಟಿದರೆ ಇನ್ನೇನಾಗುತ್ತದೆ? ನಾನು ಓಡಿ ಹೋಗುವುದರೊಳಗೆ ಕಲೆ ತೆಗೆಯುವ ಹೆಂಗಸು ಗಾಬರಿಯಲ್ಲಿ ಸಾಬೂನಿನ ನೀರು ಹಚ್ಚಿಬಿಟ್ಟಿದ್ದಳು. ಅರಿಶಿನಕ್ಕೆ ಸಾಬೂನು ತಾಕಿದರೆ ಕೆಂಪಗಾಗುತ್ತದೆ. ಪ್ರತಿ ಮನೆಯ ಹೆಣ್ಣುಮಗಳೂ ಬಟ್ಟೆ ಒಗೆಯುವಾಗ ನೋಡಿರುತ್ತಾಳೆ. ಆದರೆ ಅಂದು ಇವರಿಗೆಲ್ಲ ಏನು ಬಡಿದಿತ್ತೋ! ಹಳದಿ ಚುಕ್ಕೆ ಕಣ್ಣೆದುರೇ ಕೆಂಪಾದದ್ದು ನೋಡಿ "ಅವ್ವ ಕುಂಕುಮ ತೋರ್ಸ್ಯಾಳ್ರೋ!" ಅಂತ ಒಬ್ಬಳು ಕಿರುಚಿದಳು. ಮಷಿನ್ನುಗಳೆಲ್ಲ ನಿಂತವು. "ಉಧೋ ಉಧೋ" ಎಂದು ಶೆಡ್ಡು ಹಾರಿಹೋಗುವಂತೆ ಗದ್ದಲ. ಮ್ಯಾನೇಜರು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು.

"ಏ, ಸಾಬಾಣರೀ ಅದು! ಸಾಬಾಣ!" ಅಂತ ನಾನು ಗಂಟಲು ಹರಿದುಕೊಂಡೆ. ಯಾರು ಕೇಳುತ್ತಾರೆ?

ಕಲೆ ಬಿದ್ದ ಶರ್ಟುಗಳನ್ನು ತಣ್ಣೀರಿನಲ್ಲಿ ಸಾಬೂನು ಹೋಗುವವರೆಗೆ ಜಾಲಿಸಿ, ಹಿಂದಿನ ಅಂಗಳದಲ್ಲಿ ಬಿಸಿಲಿಗೆ ಹರವಿಸಿದೆ. ಅರಿಶಿನಕ್ಕೆ ನಮ್ಮ ಕಡೆಯ ಬಿಸಿಲೇ ಮದ್ದು. ಬಹಳಷ್ಟು ಉಳಿದವು, ಕೆಲವು ಹೋದವು. ಹೋದ ಶರ್ಟಿನ ವರದಿಯಲ್ಲಿ ಅದೇ ಸಂಜೆ ಮ್ಯಾನೇಜರು ಬರೆದದ್ದು ಮನೋಳಿಯಾಕೆಯ ಹೆಸರು. ಮಧ್ಯಾಹ್ನ ಚಪ್ಪಲಿ ಬಿಟ್ಟು ನಿಂತವನೇ ಸಂಜೆ ಚಪ್ಪಲಿ ಮೆಟ್ಟಿಕೊಂಡು ಕೂತು ಬರೆದ ನೋಡಿ, ಈ ಮನುಷ್ಯನಿಗೆ ಏನನ್ನಬೇಕು?

ಬಸ್ಸಿಗೆ ಕಾಯುವಾಗ ನಾನು ಆಕೆಗೆ ಎಲ್ಲ ಹೇಳಿದೆ. ಹೇಳಿ, ಸಿಟ್ಟಿನ ಭರದಲ್ಲಿ ಒಂದು ಉಪಾಯವನ್ನೂ ಹೇಳಿದೆ.

"ನೋಡವಾ, ಆ ಮನಷ್ಯಾ ಹೆದರುಪುಕ್ಕಲ ಇದ್ದಾನ. ನಾಳೆ ನೀ ಕೂದಲಾ ಬಿಚ್ಚಿಕೊಂಡು ಅವನ ಮುಂದ ನಿಂತು, ನನ್ನ ತಗದ್ರ ನಿನ್ನ ಮನಿ ಹಾಳಾಗ್ತದ ಅಂತ ಒಂದ ಮಾತು ಅನ್ನು. ಮಧ್ಯಾಹ್ನದೊಳಗ ಖಾಯಂ ಮಾಡ್ತಾನ."

ಆಕೆ ನನ್ನ ಮುಖ ನೋಡಿದಳು. ಮೂಗಿನ ತುದಿ ಕೆಂಪಗಾಗಿತ್ತು.

"ನೀವೂ ಹಿಂಗ ಅಂತೀರಿ ಏನ್ರಿ ಅಕ್ಕಾರ? ನಾ ಶಾಪಾ ಹಾಕಾಕ ಬಂದಿಲ್ರಿ, ಹೊಲ್ಯಾಕ ಬಂದೇನಿ. ಹಂಗ ಮಾಡೂದಿದ್ರ ಅಣ್ಣ ಹೇಳಿದಾಗ ಮಾಡತಿದ್ನಿ. ಮನ್ಯಾಗ ಉಂಡಕೊಂಡ ಇರತಿದ್ನಿ." ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ಲೈನಿನ ಒಳಗ ಕೂಡಸ್ರಿ ನನ್ನ. ಅಲ್ಲಿ ಸೋತ್ರ ನಾನ ಬಿಟ್ಟ ಹೋಗತೇನಿ," ಅಂದಳು.

ಬೈಲಹೊಂಗಲದ ಬಸ್ಸಿನಲ್ಲಿ ಕೂತು ನಾನು ಅದನ್ನೇ ಯೋಚಿಸಿದೆ. ಮ್ಯಾನೇಜರು ಯಾರನ್ನು ತೆಗೆಯಬೇಕು ಎಂದು ಹೇಳಬಹುದು. ಆದರೆ ಇಂದು ಯಾವ ಮಷಿನ್ನಿಗೆ ಯಾರು ಎಂಬುದು ನನ್ನ ಅಧಿಕಾರ, ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ಲೈನಿನ ನಟ್ಟನಡುವೆ, ತಯಾರಾದ ಕಾಲರನ್ನು ಶರ್ಟಿಗೆ ಜೋಡಿಸುವ ಮಷಿನ್ ಇದೆ. ಶರ್ಟಿನಲ್ಲಿ ಅದರಷ್ಟು ಕಠಿಣ ಕೆಲಸ ಇನ್ನೊಂದಿಲ್ಲ. ಕೂದಲೆಳೆಯಷ್ಟು ಜಾರಿದರೂ ಒಂದು ತುದಿ ಮೇಲೆ, ಒಂದು ಕೆಳಗೆ. ಅಲ್ಲಿ ಕೂಡುತ್ತಿದ್ದ ಹುಡುಗಿ ಮದುವೆಯಾಗಿ ರಾಮದುರ್ಗಕ್ಕೆ ಹೋಗಿದ್ದಳು, ಆಮೇಲೆ ಆ ಮಷಿನ್ನಿನಲ್ಲಿ ಯಾರೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಅಲ್ಲಿ ಕೂತವಳ ಮಷಿನ್ ನಿಂತರೆ ಇಡೀ ಲೈನೇ ನಿಲ್ಲುತ್ತದೆ. ಟಾರ್ಗೆಟ್ ಮುಟ್ಟದಿದ್ದರೆ ಲೈನಿನ ಎಲ್ಲರ ಬೋನಸ್ಸಿಗೂ ಕಲ್ಲು. ಮರುದಿನ ಬೆಳಿಗ್ಗೆ ಬಾಗಿಲ ಹತ್ತಿರದ ಆ ಮಷಿನ್ನನ್ನು ಎತ್ತಿಸಿ ಗೋದಾಮಿಗೆ ಕಳಿಸಿದೆ. ಮನೋಳಿಯಾಕೆಯನ್ನು ಕಾಲರಿನ ಮೇಲೆ ಕೂಡಿಸಿದೆ. ಮುಂದಿನ ಮಷಿನ್ ಸಿರಸಂಗಿಯ ಅಕ್ಕನದು.

"ಲೈನ್ ಮುಳಗಸ್ತೀರಿ ನೀವು," ಅಂತ ಮ್ಯಾನೇಜರು ಕೂಗಾಡಿದರು.

"ಮುಳುಗಿದ್ರ ನನ್ನ ಹೆಸರು ಬರೀರಿ," ಅಂದೆ. ಬರೆಯುವುದೆಂದರೆ ಆ ಮನುಷ್ಯನಿಗೆ ಬಹಳ ಪ್ರೀತಿ, ಒಪ್ಪಿಕೊಂಡು ಕೋಣೆಗೆ ಹೋದರು.

ಮೊದಲ ದಿನಗಳು ನರಕ. ಕಾಲರು ತಿರುಚಿಕೊಂಡು ಬಂದವು. ಚೆಕ್ಕಿಂಗಿನಿಂದ ವಾಪಸು ಬಂದ ಪೀಸುಗಳು ಆಕೆಯ ಮೊಣಕಾಲಿನವರೆಗೆ ಬಿದ್ದವು. ಆಕೆ ಹೊಲಿಗೆ ಬಿಚ್ಚುತ್ತ ತನ್ನ ಪ್ರೀತಿಯ ಉಗುರು ಮುರಿದುಕೊಂಡಳು, ಮಷಿನ್ನಿಗೆ ಬೈದಳು, ದಾರಕ್ಕೆ ಬೈದಳು, ನನಗೂ ಬೈದಳು. ನಾನು ಪಕ್ಕದಲ್ಲಿ ನಿಂತು, ಕಾಲರಿನ ನಡುವಿನ ಗುರುತನ್ನು ಬೆನ್ನಿನ ಗುರುತಿಗೆ ಕೂಡಿಸಿ, ನಡುವಿನಿಂದ ಎರಡೂ ಕಡೆ ಕಣ್ಣಳತೆ ನೋಡಿಕೊಂಡು ಹೊಲಿ ಎಂದು ಮತ್ತೆ ಮತ್ತೆ ಹೇಳಿದೆ. ಬ್ಲೌಸಿನ ಕೊರಳು ಹೊಲಿದ ಕೈ ಅದು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕಾಲರು ನೆಟ್ಟಗೆ ಕೂಡತೊಡಗಿತು. ಆಕೆ ತಲೆ ಎತ್ತಿ ನನ್ನ ಕಡೆ ನೋಡಿ, "ಮಷಿನ್ ಈಗ ನೆಟ್ಟಗಾತ್ರಿ," ಅಂದಳು.

ಭಕ್ತರು ಮಾತ್ರ ಬಿಡಲಿಲ್ಲ. ಮಂಗಳವಾರ ಬೇರೆ ಲೈನಿನ ಇಬ್ಬರು ಭಂಡಾರದ ಪುಡಿಕೆ ಹಿಡಿದು ಮಷಿನ್ನುಗಳ ನಡುವೆ ತೂರಿಕೊಂಡು ಬಂದು ಆಕೆಯ ಪಾದಕ್ಕೆ ಕೈ ಹಾಕಿದರು. ಪೆಡಲ್ ಬಿಟ್ಟಿತು, ಮಷಿನ್ ನಿಂತಿತು. ಮುಂದಿನ ಮಷಿನ್ನಿನಲ್ಲಿ ಸಿರಸಂಗಿಯ ಅಕ್ಕನ ಕೈಯಲ್ಲಿದ್ದ ಬಂಡಲು ಆಗಲೇ ಮುಗಿದಿತ್ತು. ಟಾರ್ಗೆಟ್ಟಿಗೆ ಇನ್ನೂ ಬಹಳ ಬಾಕಿ. ಆಕೆ ತಿರುಗಿ ನೋಡಿದಳು. ಮೊದಲ ಮಂಗಳವಾರ ತಾನೇ ಭಂಡಾರ ಹಚ್ಚಿದ ಹಣೆಯನ್ನು ನೋಡಿ, ಮೈಮೇಲೆ ಬಂದವಳಂತೆ ಬಾಯಿ ತೆಗೆದಳು.

"ಏನಬೇ ಏ! ಎಷ್ಟೊತ್ತ ಮಾಡ್ತಿ? ಕಾಲ ಚಾಚಿಕೊಂಡ ಕುಂತಿ ದೊಡ್ಡ ದೇವ್ರಾಗಿ! ನಾ ಇಲ್ಲಿ ಖಾಲಿ ಕೈಲೆ ನೊಣ ಹೊಡಿಲೇನ? ಕೊಡು ಬಂಡಲಾ!" ಆಮೇಲೆ ಭಕ್ತರ ಕಡೆ ತಿರುಗಿ, "ನೀವ್ಯಾರ್ರೇ? ನಿಮ್ಮ ಲೈನಿನ್ಯಾಗ ಕಾಲ ಇಲ್ಲೇನ? ಹೋಗ್ರಿ, ಅರಿಶಿಣಾ ಗಿರಿಶಿಣಾ ಬಿದ್ದು ಕಲಿ ಆತಂದ್ರ ನಿಮ್ಮ ಕಡಿಂದನ ತಿಕ್ಕಸ್ತೇನಿ!"

ನಾನು ಮನೋಳಿಯಾಕೆಯ ಮುಖ ನೋಡಿದೆ. ಅಳುತ್ತಾಳೇನೋ ಎಂದುಕೊಂಡಿದ್ದೆ. ಕಿವಿಯವರೆಗೆ ನಗುತ್ತಿದ್ದಳು. ಆ ಶೆಡ್ಡಿಗೆ ಬಂದಮೇಲೆ ಆಕೆಗೆ ಯಾರೋ ಮೊದಲ ಸಲ ಏಕವಚನದಲ್ಲಿ ಬೈದಿದ್ದರು. "ತಡಿಬೇ ಯಕ್ಕಾ, ಕೊಡತೇನಿ, ಬಾಯಿ ಮಾಡಬ್ಯಾಡ," ಅಂತ ಆಕೆಯೂ ಅಷ್ಟೇ ಜೋರಾಗಿ ಅಂದು ಪೆಡಲ್ ಒತ್ತಿದಳು.

ಆವತ್ತಿನಿಂದ ನಮ್ಮ ಲೈನಿನೊಳಗೆ ಭಂಡಾರ ಬಂದ್. ಪ್ರೀತಿ ಉಕ್ಕಿತೆಂದು ತಿಳಿಯಬೇಡಿ, ಅಂಥದ್ದೇನೂ ಇಲ್ಲ. ಬೋನಸ್ಸು ಹೋಗುತ್ತದೆಂಬ ಸಂಕಟ, ಅಷ್ಟೇ. ಮೇಡಂ ಅಷ್ಟು ಚಿತ್ರ ತೋರಿಸಿ ಮಾಡಲಾಗದ್ದನ್ನು ಒಂದು ಟಾರ್ಗೆಟ್ ಮಾಡಿತು, ಇದು ನಮ್ಮ ಜನದ ಯೋಗ್ಯತೆ. ಊಟದ ಹೊತ್ತಿಗೂ ಜಗಳ ಮುಂದುವರಿಸಲು ಹತ್ತಿರ ಕೂಡಲೇಬೇಕಲ್ಲ, ಸಿರಸಂಗಿಯ ಅಕ್ಕ ಬುತ್ತಿ ಎಳೆದುಕೊಂಡು ಕಂಬದ ಹತ್ತಿರ ಬಂದಳು. ಕಾಲರು ಜೋಡಿಸುವ ರೀತಿಯ ಬಗ್ಗೆ ಪುಕ್ಕಟೆ ಉಪದೇಶ ಕೊಡುತ್ತ ಮನೋಳಿಯಾಕೆಯ ಬುತ್ತಿಯಿಂದ ಶೇಂಗಾ ಚಟ್ನಿ ಕೇಳದೆಯೇ ತೆಗೆದುಕೊಂಡಳು. ಶೌಚಾಲಯದ ಕೀಲಿ ಕೇಳಲು ಹೋದಾಗ ಮಷಿನ್ ನಿಲ್ಲುವುದನ್ನು ನೋಡಿ, "ಇಲ್ಲೇ ನಮ್ಮ ಕಡೆ ಹೋಗಿ ಲಗೂನ ಬಾರಬೇ" ಅಂತ ಅಟ್ಟಿದವಳೂ ಆಕೆಯೇ.

ಪ್ರೊಬೇಷನ್ ಮುಗಿಯುವ ವಾರ ಮೇಡಂ ಮತ್ತೆ ಬಂದರು. ಈ ಸಲ ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. ಮುಖ ಇಳಿದಿತ್ತು. ಮ್ಯಾನೇಜರ ಕೋಣೆಯಲ್ಲಿ ನನ್ನ ಮುಂದೆ ಒಂದು ಹಾಳೆ ಸರಿಸಿದರು.

"ನೋಡಿ, ನಂಗೂ ಇಷ್ಟ ಇಲ್ಲ. ಆದ್ರೆ ಈಗಿನ ಪರಿಸ್ಥಿತಿ ನಿಮ್ಗೆ ಗೊತ್ತಲ್ವಾ? ಬರೀ ಎಫಿಷಿಯೆನ್ಸಿ ಕಡಿಮೆ ಅಂತ ಸೈನ್ ಮಾಡಿ, ಸಾಕು."

"ಕಡಿಮಿ ಇಲ್ಲ ಮೇಡಂ. ಇದ್ದಿದ್ರ ಮಾಡ್ತಿದ್ದೆ."

"ಅಕ್ಕಾರ, ಹಟಾ ಮಾಡಬ್ಯಾಡ್ರಿ," ಅಂತ ಮ್ಯಾನೇಜರು ನಡುವೆ ಬಾಯಿ ಹಾಕಿದರು.

"ನಾ ಯಾಕ ಹಟಾ ಮಾಡ್ಲಿ? ಬರ್ರಿ, ನೀವ ಬಂದು ಆಕಿನ್ನ ಎಬ್ಬಿಸ್ರಿ. ನನ್ನ ಸಹಿ ಯಾಕ ಬೇಕು?"

ಇಬ್ಬರನ್ನೂ ಫ್ಲೋರಿಗೆ ಕರೆದುಕೊಂಡು ಬಂದೆ. ಆವತ್ತು ಸಂಜೆ ಕಂಟೇನರ್ ಹೋಗಬೇಕಿತ್ತು. ತಡವಾದರೆ ಈ ಸುಂಕದ ಕಾಲದಲ್ಲಿ ಕೊಳ್ಳುವವರಿಗೆ ಮಾಲು ಬೇಡ ಎನ್ನಲು ಒಂದು ನೆವ ಸಿಕ್ಕಂತೆ. ಲೈನು ಹಾರುತ್ತಿತ್ತು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಮನೋಳಿಯಾಕೆಯ ಹತ್ತಿರ ಹೋಗಿ, "ಒಂದೀಟ ಆಫೀಸಿಗೆ ಬಾ," ಅಂದರು. ಆಕೆ ತಿರುಗಿ ನೋಡುವುದರೊಳಗೆ ಸಿರಸಂಗಿಯ ಅಕ್ಕ ಎದ್ದು ನಿಂತಿದ್ದಳು.

"ಎಲ್ಲಿಗ್ರಿ? ಆಕಿ ಎದ್ದಳಂದ್ರ ಕಾಲರ್ ಯಾರ್ ಹಚ್ಚತಾರ್ರಿ, ನೀವು ಹಚ್ಚತೀರೇನು? ಕುಂತ ನೋಡ್ರಿ ಬೇಕಾದ್ರ! ಆಕಿ ಎದ್ರ ನಾವೂ ಏಳತೇವ್ರಿ. ಸಂಜಿಗೆ ಗಾಡಿ ನೀವ ತುಂಬ್ರಿ."

ಹಿಂದಿನ ಮಷಿನ್ನುಗಳಿಂದ "ಹೌದ್ರಿ, ಹೌದ್ರಿ" ಅಂತ ದನಿಗಳು ಬಂದವು. ಯಾರೂ ಕೈ ನಿಲ್ಲಿಸಿರಲಿಲ್ಲ. ಮ್ಯಾನೇಜರು ಮೇಡಂ ಕಡೆ ನೋಡಿದರು. ಮೇಡಂ ಗೋಡೆಯ ಮೇಲೆ ಉಳಿದಿದ್ದ ಅರ್ಧ ಪೋಸ್ಟರು ನೋಡಿದರು. ಮ್ಯಾನೇಜರ ಹಣೆಯ ಮೇಲೆ ಬೆವರು ಬಂತು, ಮೀಸೆ ಒದ್ದೆಯಾಯಿತು. ಕೊನೆಗೆ, ಮೇಲಿನವರ ಸಿಟ್ಟಿಗಿಂತ ಸಂಜೆಯ ಕಂಟೇನರಿನ ಭಯವೇ ದೊಡ್ಡದೆಂದು ಆ ಮನುಷ್ಯನಿಗೆ ಹೊಳೆದಿರಬೇಕು. ಕೋಣೆಗೆ ಹೋಗಿ ಆಕೆಯನ್ನು ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು. "ಮ್ಯಾಲಿನವರು ಕೇಳಿದ್ರ ನೀವ ಹೇಳ್ರಿ ಮತ್ತ," ಅಂದರು. ಧೈರ್ಯವಂತ!

ನಾನು ಆ ಕಾಗದವನ್ನು ತಂದು ಮನೋಳಿಯಾಕೆಯ ಮಷಿನ್ನಿನ ಮೇಲೆ ಇಟ್ಟೆ. ಆಕೆ ಓದಿದಳು. ಮಡಿಚಿ ಕುಪ್ಪಸದೊಳಗೆ ಸೇರಿಸಿದಳು. ಕಣ್ಣೊರೆಸಿಕೊಳ್ಳಲು ಹೋಗಿ, ಕೈಯಲ್ಲಿ ಬಿಳಿ ಶರ್ಟಿರುವುದು ನೆನಪಾಗಿ ತೋಳಿನಿಂದ ಒರೆಸಿಕೊಂಡಳು. ಮತ್ತೆ ಪೆಡಲ್ ಒತ್ತಿದಳು.

ಹೊರಡುವ ಮೊದಲು ಮೇಡಂ ಒಬ್ಬರೇ ಮತ್ತೆ ಫ್ಲೋರಿಗೆ ಬಂದರು. ಅಭಿನಂದನೆ ಹೇಳುತ್ತಾರೆಂದುಕೊಂಡೆ. ಮಷಿನ್ನುಗಳ ಸಂದಿಯಲ್ಲಿ ಬಂದು ಮನೋಳಿಯಾಕೆಯ ಪಕ್ಕ ನಿಂತರು. ಕೊರಳಿನ ಕಾರ್ಡನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸಣ್ಣ ದನಿಯಲ್ಲಿ, "ನಮ್ ಡಿಪಾರ್ಟ್‌ಮೆಂಟನ್ನೇ ಮುಚ್ತಾರಂತೆ. ನನ್ ಕೆಲಸಾನೂ ಇರುತ್ತೋ ಇಲ್ವೋ ಗೊತ್ತಿಲ್ಲ. ನಿಮ್ಮಂಥವರು ಹರಸಿದ್ರೆ ಒಳ್ಳೇದಾಗುತ್ತೆ ಅಂತಾರೆ," ಅಂದರು. ಅಂದವರೇ, ಆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮಷಿನ್ನಿನ ಕೆಳಗೆ ಬಗ್ಗಿ ಆಕೆಯ ಪಾದಕ್ಕೆ ಕೈ ಚಾಚಿದರು.

ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅದನ್ನು ಆಡುವ ಮೊದಲೇ ಮನೋಳಿಯಾಕೆ, ಕಾಲರಿನ ಮೇಲಿನ ಕಣ್ಣು ತೆಗೆಯದೆ, ಮೆತ್ತಗೆ ಹೇಳಿದಳು.

"ಕೈ ತಗೀರಿ ಮೇಡಂ. ಕಾಲ ಕೆಲಸದಾಗ ಅದಾವ್ರಿ."

ಮಷಿನ್ ನಿಲ್ಲಲಿಲ್ಲ. ಆಚೆಯಿಂದ ಸಿರಸಂಗಿಯ ಅಕ್ಕ ಬಂಡಲಿಗಾಗಿ ಕೂಗುತ್ತಿದ್ದಳು.